ಬಣ್ಣದಡಿಯ ಗೀರುಗಳು

ಇಗರ್ಜಿಯ ಹಿಂಬದಿ ಗೋಡೆಗೂ ಹೊಳೆಗೂ ನಡುವೆ ಹನ್ನೆರಡು ಹೆಜ್ಜೆ ನೆಲ ಉಳಿದಿತ್ತು. ಪತ್ರಿಕೆಗೆ ಬರೆಯುವವನಾದ್ದರಿಂದ ನಾನೇ ಅಳೆದಿದ್ದೆ. ಹೊಳೆ ದಡವನ್ನು ಕೊರೆಯುವ ಮೊದಲು, ಹಿಂದಿನ ವರ್ಷ ಅಲ್ಲಿ ಇಪ್ಪತ್ತು ಹೆಜ್ಜೆ ಇತ್ತಂತೆ.

ಆರ್ಥೊಡಾಕ್ಸ್ ಸಭೆಯ ಆ ಹಳ್ಳಿ ಇಗರ್ಜಿ ತಳದಿಂದ ಶಿಲುಬೆಯವರೆಗೆ ಮರದ್ದು. ಮಳೆಗಾಲಕ್ಕೆ ಮುಂಚೆ ಅದನ್ನು ಒಡೆದು, ಗುಡ್ಡದ ಮೇಲೆ ಕಾಂಕ್ರೀಟಿನದು ಕಟ್ಟುವುದೆಂದು ಊರಿನವರು ತೀರ್ಮಾನಿಸಿದ್ದರು. ಒಡೆಯುವ ಮೊದಲು ಅದರ ಚರಿತ್ರೆ ಬರೆದಿಡಲು ನನ್ನನ್ನು ಕರೆದಿದ್ದರು. ನಾಲ್ಕು ತಲೆಮಾರಿನ ಹಿಂದೆ ಹಿರಿಯರು ಇದೇ ಜಾಗದಲ್ಲಿ ಕಟ್ಟಿದರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ದೀಪ ಹಚ್ಚುವ ಸೆರಪಿನ್ ಬಾಯಿಗೆ ಮಾತ್ರ ಒಡೆಯುವುದು ಬೇಡವಾಗಿತ್ತು. ಅವರ ಮದುವೆ ನಡೆದದ್ದು ಅಲ್ಲಿ, ಗಂಡನನ್ನು ಮಣ್ಣಿಗೆ ಕಳುಹಿಸಿಕೊಟ್ಟದ್ದೂ ಅಲ್ಲಿಂದಲೇ. ಬಿಚ್ಚಿ ಮೇಲಕ್ಕೆ ಸಾಗಿಸಬಾರದೇ ಎಂದು ಅವರು ಕೇಳಿದಾಗಲೆಲ್ಲ ಬಡಗಿ ಇನಾಸ್ ಆಗದೆಂದು ತಲೆಯಾಡಿಸುತ್ತಿದ್ದ. ಮೊಳೆಯಿಲ್ಲದೆ ಕೂಡಿಸಿದ ಮರವನ್ನು ಒಮ್ಮೆ ಬಿಚ್ಚಿದರೆ ಮತ್ತೆ ಕೂರುವುದಿಲ್ಲ ಎಂಬುದು ಅವನ ಅಪ್ಪ ಹೇಳಿಕೊಟ್ಟ ಮಾತು.

ತೊಲೆಗಳನ್ನು ಎಣಿಸಲು ನಾನು ಏಣಿ ಹತ್ತಿದೆ. ಪ್ರತಿ ತೊಲೆಯ ತುದಿಯಲ್ಲೂ ಉಳಿಯಿಂದ ಕೊರೆದ ಗೀರುಗಳು ಬಣ್ಣದಡಿ ಕಂಡವು: ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು, ಆಮೇಲೆ ಮೂರು. ಆಯಾ ತೊಲೆ ಕೂರುವ ಕಂಬದ ಮೇಲೂ ಅಷ್ಟೇ ಗೀರು. ಇನಾಸನನ್ನು ಮೇಲಕ್ಕೆ ಕರೆದೆ. ಹೊಸದಾಗಿ ಕಟ್ಟುವಾಗಲೂ ಬಡಗಿಗಳು ಹೀಗೆ ಗುರುತು ಹಾಕುವುದುಂಟು ಎಂದು ಅವನು ಮೊದಲು ಹಗುರವಾಗಿ ತೆಗೆದುಕೊಂಡ. ಆದರೂ ಉಳಿಯಿಂದ ಬಣ್ಣ ಕೆರೆದು ನೋಡಿದ. ಮೇಲೆ ಬಿಳಿ, ಅದರ ಕೆಳಗೆ ನೀಲಿ. ಗೀರು ನೀಲಿಯನ್ನು ಸೀಳಿಕೊಂಡು ಹೋಗಿತ್ತು. ಬಿಳಿ ಬಣ್ಣ ಗೀರಿನೊಳಗೂ ಇಳಿದಿತ್ತು.

ಅವನು ಪಕ್ಕದ ತೊಲೆಯನ್ನೂ ಕೆರೆದು ನೋಡಿದ.

"ನೀಲಿ ಬಣ್ಣ ಕೊಟ್ಟ ಮೇಲೆ ಕೊರ್ದದ್ದು ಮಾರಾಯ್ರೆ. ಇಗರ್ಜಿಯನ್ನೇ ಒಮ್ಮೆ ಬೇರೆ ಕಡೆಯಿಂದ ಬಿಚ್ಚಿ ಇಲ್ಲಿಗೆ ತಂದಿದ್ದಾರೆ."

ಕೆಳಗೆ ಏಣಿ ಹಿಡಿದು ನಿಂತಿದ್ದ ಸೆರಪಿನ್ ಬಾಯಿ, "ನಿನ್ನ ಅಪ್ಪನಿಗೆ ಗೊತ್ತಿಲ್ಲದ್ದೂ ಒಂದು ಉಂಟಲ್ಲ, ಇನಾಸಾ," ಎಂದರು.

ಒಡೆಯುವ ತೀರ್ಮಾನ ಬಿಟ್ಟು, ಆ ಬೇಸಿಗೆಯಲ್ಲಿ ಊರೆಲ್ಲ ಸೇರಿ ಇಗರ್ಜಿಯನ್ನು ಬಿಚ್ಚಿ ಗುಡ್ಡಕ್ಕೆ ಹೊತ್ತುಕೊಂಡು ಹೋಯಿತು. ಇನಾಸ್ ಗೀರಿಗೆ ಗೀರು ನೋಡಿ ಕೂರಿಸಿದ. ಎರಡು ತೊಲೆ ಮಾತ್ರ ಹೊಸದು ಬೇಕಾಯಿತು. ಹೊಳೆಯ ದಡಕ್ಕೆ ಬರುವ ಮೊದಲು ಇಗರ್ಜಿ ನಿಂತಿದ್ದ ಜಾಗ ಯಾವುದೋ ನನಗೆ ಸಿಗಲಿಲ್ಲ. ಚರಿತ್ರೆಯಲ್ಲಿ ಗೊತ್ತಿಲ್ಲವೆಂದೇ ಬರೆದೆ.

ಗುಡ್ಡದ ಮೇಲಿನ ಮೊದಲ ಪೂಜೆ ಮುಗಿದ ಮೇಲೆ, ಹೇಗಿದೆ ಎಂದು ಸೆರಪಿನ್ ಬಾಯಿಯನ್ನು ಕೇಳಿದೆ.

"ಇಲ್ಲಿ ಹೊಳೆಯ ಶಬ್ದ ಇಲ್ಲ. ಫಾದರ್ ತಪ್ಪು ಹಾಡೂದು ಈಗ ಸರಿಯಾಗಿ ಕೇಳ್ತದೆ," ಎಂದವರು, ಬತ್ತಿಯನ್ನು ತುಸು ಮುಂದೆಳೆದು, ಎಣ್ಣೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರು.