ಗುಡ್ಡದ ಮೇಲಿನ ದೋಣಿ

ಕುಕನೂರಿನಲ್ಲಿ ಗಾದಿ ಅಂಗಡಿ ಇಟ್ಟಿರುವ ಇಲಿಯಾಸನಿಗೆ ವಾರವೆಲ್ಲ ಹತ್ತಿ, ಭಾನುವಾರ ಮಾತ್ರ ಜಿಪಿಎಸ್. ಯಾರೂ ನೋಡದ ಜಾಗ ಹುಡುಕಿಕೊಂಡು ಹೋಗುವ ಹುಚ್ಚು ಅವನಿಗೆ. ಹೆಂಡತಿ ಮೆಹರಾಜ ಬೈಕಿನ ಹಿಂದೆ ಕೂತು "ನಿಧಾನ ಹೋಗ್ರಿ" ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಫೋನಿನೊಳಗಿನ ಹೆಂಗಸು ಒಮ್ಮೆ "ಎಡಕ್ಕೆ ತಿರುಗಿ" ಎಂದರೆ ಸಾಕು, ಎಡಕ್ಕೆ ಹಳ್ಳವೇ ಇದ್ದರೂ ತಿರುಗುವ ಆಸಾಮಿ.

ಆ ಹೆಂಗಸನ್ನು ನಂಬಿ ಹೋದ 'ಗುಪ್ತ ಜಲಪಾತ' ಒಡೆದ ನೀರಿನ ಪೈಪಾಗಿತ್ತು. 'ಸೂರ್ಯಾಸ್ತದ ತಾಣ'ದಲ್ಲಿ ಸೂರ್ಯ ಯಾರದೋ ತಿಪ್ಪೆಯ ಹಿಂದೆ ಮುಳುಗಿದ್ದ. ಅವತ್ತೇ ಮೆಹರಾಜ ತೀರ್ಪು ಕೊಟ್ಟಿದ್ದಳು: "ಇನ್ನೊಮ್ಮೆ ಹಿಂಗಾತಂದ್ರ, ಮುಂದಿನ ಐತವಾರ ಎಲ್ಲಾ ಕೊಪ್ಪಳಕ್ಕ, ನಮ್ಮಕ್ಕನ ಮನಿಗೆ."

ಈ ಅಕ್ಕ ರಾಜಾಬೀ ಒಮ್ಮೆ ಗೋವಾಕ್ಕೆ ಹೋಗಿ ದೋಣಿಯಲ್ಲಿ ಕೂತು ಬಂದವಳು. ಆ ದೋಣಿ ಇನ್ನೂ ದಡ ಸೇರಿಲ್ಲ; ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಅದರ ಫೋಟೊ ಬರುತ್ತದೆ. ವಾರ ವಾರ ಅದನ್ನೇ ನೋಡುತ್ತ ಮುಪ್ಪಾಗಬೇಕಾದೀತೆಂದು ಇಲಿಯಾಸ ನಿಜಕ್ಕೂ ಹೆದರಿದ್ದ.

ಹೀಗಿರುವಾಗ ಯಲಬುರ್ಗಾ ಕಡೆಯ ಒಂದು ಗುಡ್ಡದ ಮೇಲೆ, ನಕ್ಷೆಯಲ್ಲಿ, ಒಂದು ಹೆಸರು ಕಂಡಿತು: 'ದೋಣಿ'. ಜೊತೆಗೆ ನೀಲಿ ನೀರಿನ ಫೋಟೊ. ತೋರಿಸಿದ್ದೇ ತಡ, ಮೆಹರಾಜಳ ಮುಖ ಅರಳಿತು.

"ಹುಟ್ಟಿದಾಗಿಂದ ದೋಣ್ಯಾಗ ಕುಂತಿಲ್ರಿ ನಾ" ಎಂದಳು. ರಮಜಾನಿಗೆ ಹೊಲಿಸಿದ ಹಸಿರು ಚೂಡಿದಾರ ಹೊರಗೆ ಬಂತು. ಮಿಂಚುವ ಚಪ್ಪಲಿಯೂ ಬಂತು.

ಗುಡ್ಡದ ಬುಡದಲ್ಲಿ ರಸ್ತೆ ಮುಗಿಯಿತು. "ನೀವು ತಲುಪಿದ್ದೀರಿ" ಎಂದು ಫೋನಿನ ಹೆಂಗಸು ಕೈತೊಳೆದುಕೊಂಡಳು. ಸುತ್ತ ಕಲ್ಲು, ಜಾಲಿ, ಆಡು. ಆಡು ಕಾಯುತ್ತ ಹಂಪವ್ವ ಎಂಬ ಮುದುಕಿ ಕೂತಿದ್ದಳು.

"ಯವ್ವಾ, ಇಲ್ಲೆ ದೋಣಿ ಐತೇನಬೇ?" ಇಲಿಯಾಸ ಕೇಳಿದ.

"ಒಂದಲ್ಲೋ ಯಪ್ಪಾ, ಮೂರು ಅದಾವ. ತುದಿಮ್ಯಾಲಿಂದು ಭಾಳ ದೊಡ್ಡದು."

"ಜನ ಕೂಡ್ತಾರೇನು?"

"ಯಾಕ ಕೂಡೂದಿಲ್ಲ? ಶ್ರಾವಣದಾಗ ಬುತ್ತಿ ಕಟಗೊಂಡು ಬಂದು, ಕುಂತು ಉಂಡು ಹೋಗ್ತಾರ."

"ಮುಳುಗೂದಿಲ್ಲಲ್ಲ?" ಮೆಹರಾಜಳಿಗೆ ಸಣ್ಣ ಅಂಜಿಕೆ.

"ಒಮ್ಮೆ ನಮ್ಮ ಹೋತ ಮುಳುಗಿತ್ತು ನೋಡವಾ. ನಾನ ಕೋಡು ಹಿಡಿದು ಎಳದೆ."

ಹೋತವನ್ನೂ ದೋಣಿಯಲ್ಲಿ ಕೂರಿಸುವ ಊರಿನ ಬಗ್ಗೆ ಮೆಹರಾಜಳಿಗೆ ಗೌರವ ಮೂಡಿತು. ಚಪ್ಪಲಿ ಕೈಯಲ್ಲಿ ಹಿಡಿದು ಗುಡ್ಡ ಹತ್ತಿದಳು.

ತುದಿಯಲ್ಲಿ ನೀರಿತ್ತು. ಹಾಸುಬಂಡೆಯ ತಗ್ಗಿನಲ್ಲಿ ತಿಳಿಯಾಗಿ ನಿಂತಿತ್ತು. ದೋಣಿ ಮಾತ್ರ ಇರಲಿಲ್ಲ. ಇಲಿಯಾಸ ಒಂದು ಸುತ್ತು ಹಾಕಿ, ಬಂಡೆಯ ಮರೆಯಲ್ಲೂ ಇಣುಕಿದ. ಆಮೇಲೆ ತಲೆಗೆ ಹೊಳೆಯಿತು. ಬಂಡೆಯಲ್ಲಿ ಮಳೆನೀರು ನಿಲ್ಲುವ ಇಂಥ ಹೊಂಡಕ್ಕೆ ಈ ಸೀಮೆಯವರು ದೊಣಿ ಎನ್ನುತ್ತಾರೆ. ನಕ್ಷೆಗೆ ಹೆಸರು ಹಾಕಿದ ಪುಣ್ಯಾತ್ಮ ಒಂದು ದೀರ್ಘ ಎಳೆದು ಅದನ್ನು ದೋಣಿ ಮಾಡಿಬಿಟ್ಟಿದ್ದ.

"ದೀರ್ಘ ಒಂದು ಹೆಚ್ಚಾಗೇತಿ" ಎಂದ ಇಲಿಯಾಸ, ತಾನೇ ಎಳೆದವನಂತೆ ತಲೆ ತಗ್ಗಿಸಿ. ಕೊಪ್ಪಳದ ಚಹಾ ಕಣ್ಣೆದುರು ಬಂದು ನಿಂತಿತು.

ಮೆಹರಾಜ ನೀರು ನೋಡಿದಳು, ತನ್ನ ಹಸಿರು ಚೂಡಿದಾರ ನೋಡಿದಳು, ಗಂಡನ ಮುಖ ನೋಡಿದಳು. "ಹೋತ!" ಎಂದವಳೇ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಬಂಡೆಯ ಮೇಲೆ ಕುಸಿದು ಕೂತು ಕಾಲು ನೀರಿಗಿಟ್ಟಳು. ತಣ್ಣಗಿತ್ತು. ಕೆಳಗೆ ಕಣ್ಣು ಹರಿಯುವವರೆಗೂ ಜೋಳದ ಹೊಲ. ಇಲಿಯಾಸನೂ ಪಕ್ಕದಲ್ಲಿ ಕೂತ. ಅವಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅವನಿಗಾದ ಖುಷಿ ಅಷ್ಟಿಷ್ಟಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಫೋನು ತೆಗೆದ. "ಹೆಸರು ತಿದ್ದಿಬಿಡ್ತೀನಿ. ಮತ್ತ ಯಾರರ ಮೋಸ ಹೋದಾರು."

"ತಡೀರಿ, ಏನವಸರ!" ಮೆಹರಾಜ ಫೋನು ಕಸಿದುಕೊಂಡು ಅಕ್ಕನಿಗೆ ಹಚ್ಚಿದಳು.

"ಆಪಾ, ಬರೂ ಐತವಾರ ನಾವು ಬರೂದಿಲ್ಲ, ನೀವ ಬರ್ರಿ. ನಮ್ಮ ಕಡೇನೂ ದೋಣಿ ಐತಿ. ಹೊಸಾ ಬಟ್ಟಿ ಹಾಕ್ಕೊಂಡು ಬಾ, ಫೋಟೊ ತೆಗಿಯೂದೈತಿ."