ಎಡಗಿವಿಗೆ ಬಿದ್ದ ಮಾತು

"ಚಾಚಾ, ಈ ಕಡೆ ಬನ್ನಿ, ಅಲ್ಲಿ ನಿಲ್ಲೋಕೆ ಜಾಗ ಇಲ್ಲ," ಎಂದು ಖಾಜಾ ಪೀರನ ಮಗ ಮುಸ್ತಕೀಮ್ ತೋಳು ಹಿಡಿದು ಎಳೆದರೂ ಪರಮೇಶ್ವರಪ್ಪ ಕೇಳಲಿಲ್ಲ. ಗೋಡೆಗೂ ಮಂಚಕ್ಕೂ ನಡುವೆ ಇದ್ದ ಗೇಣಗಲದ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನುಸುಳಿ, ಅಂಗಿಗೆಲ್ಲ ಸುಣ್ಣ ಮೆತ್ತಿಸಿಕೊಂಡು, ಖಾಜಾ ಪೀರನ ಬಲಗಡೆಗೇ ಹೋಗಿ ನಿಂತ. ಎಡಗಡೆ ಅರ್ಧ ಕೋಣೆ ಖಾಲಿ ಬಿದ್ದಿತ್ತು. ಬಂದವರೆಲ್ಲ ಅಲ್ಲಿಂದಲೇ ಮುಖ ನೋಡಿ ಹೋಗುತ್ತಿದ್ದರು. ಈ ಮನುಷ್ಯನಿಗೆ ಮಾತ್ರ ಏನು ಬಂತು ಎಂದು ಬಾಗಿಲಲ್ಲಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು.

ಬಂದದ್ದು ಏನೂ ಅಲ್ಲ, ಅಭ್ಯಾಸ. ಖಾಜಾ ಪೀರನ ಎಡಗಿವಿ ಹೋಗಿ ಎರಡು ವರ್ಷವಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಪರಮೇಶ್ವರಪ್ಪನೂ ಕೇಳಿರಲಿಲ್ಲ. ಆದರೆ ಅವತ್ತಿನಿಂದ ಅವನ ಬಲಗಡೆ ಬಿಟ್ಟು ಬೇರೆ ಕಡೆ ನಿಂತು ಮಾತಾಡಿರಲಿಲ್ಲ. ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲ ಆಡಬಾರದ್ದನ್ನು ಆಡಿದ್ದ. ಅದಕ್ಕೆ ಇವತ್ತಿಗೆ ಹತ್ತೊಂಬತ್ತು ದಿನ. ಆ ಮಾತು ಖಾಜಾನಿಗೆ ಕೇಳಿಸಿತೋ ಇಲ್ಲವೋ ಎನ್ನುವುದೊಂದೇ ಹತ್ತೊಂಬತ್ತು ದಿನವೂ ಅವನ ತಲೆ ತಿಂದಿತ್ತು. ಇವತ್ತಲ್ಲ ನಾಳೆ ಖಾಜಾನ ರಿಪೇರಿ ಶೆಡ್ಡಿಗೆ ಹೋಗಿ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ದಿನ ತಳ್ಳಿದ್ದ. ಈಗ ಮುಖ ಕಣ್ಣೆದುರೇ ಇತ್ತು, ಬಿಳಿ ಬಟ್ಟೆಯ ನಡುವೆ, ಏನನ್ನೂ ಹೇಳದೆ.

ಬೆಳಗಿನ ನಮಾಜು ಮುಗಿಸಿ ಬಂದು, ಕುರ್ಚಿಯಲ್ಲಿ ಕೂತು, ಟೀ ಕೇಳಿ, ಟೀ ಬರುವಷ್ಟರಲ್ಲಿ ಖಾಜಾ ಪೀರ್ ಹೋಗಿಬಿಟ್ಟಿದ್ದ. ಅರವತ್ತೊಂಬತ್ತು ವರ್ಷ. ಸುದ್ದಿ ಭದ್ರಾವತಿಗೆ ಮುಟ್ಟಿ, ಪರಮೇಶ್ವರಪ್ಪ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಮೈ ತೊಳೆದು ಕಫನ್ ಹೊದಿಸಿಯೂ ಆಗಿತ್ತು.

ಹೊರಗೆ ಶಾಮಿಯಾನದ ಕೆಳಗೆ ಡ್ರೈವರುಗಳ ದೊಡ್ಡ ಗುಂಪೇ ಸೇರಿತ್ತು. ಮಾಚೇನಹಳ್ಳಿಯ ರಸ್ತೆಯಲ್ಲಿ ಲಾರಿ ಓಡಿಸಿದವರಲ್ಲಿ ಖಾಜಾ ಪೀರನ ಶೆಡ್ಡಿಗೆ ಒಮ್ಮೆಯಾದರೂ ಹೋಗದವರು ಕಡಿಮೆ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುತ್ತದಲ್ಲ ಒಂದು ಉಕ್ಕಿನ ಡಬ್ಬಿ, ಅದು ಅವನ ವಿದ್ಯೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಆ ಲೆಕ್ಕ ನೋಡಿಕೊಳ್ಳುವುದು ಆ ಡಬ್ಬಿ. ಪುಸ್ತಕದಲ್ಲಿ ಅದಕ್ಕೆ ಡಿಫರೆನ್ಷಿಯಲ್ ಅಂತ ಹೆಸರು. ಶೆಡ್ಡಿನ ಬಾಯಲ್ಲಿ ಬರೀ ಡಿಫರೆನ್ಸ್.

"ನಾನು ಘಾಟಿ ಕಡೆ ಹೊರಟಿದ್ದೆ," ಎನ್ನುತ್ತಿದ್ದ ರೂಪೇಶ್ ಎಂಬ ಲಾರಿ ಡ್ರೈವರು. "ಸಾಬ್ರು ರಸ್ತೆ ಪಕ್ಕ ಟೀ ಕುಡೀತಿದ್ರು. ಹೋಗೋ ಗಾಡಿ ಸದ್ದು ಕೇಳ್ಬಿಟ್ಟು, ಲೋಟ ಬಿಸಾಕಿ ರಸ್ತೆಗೆ ಅಡ್ಡ ಬಂದ್ರು. ಬಿಚ್ಚಿ ನೋಡಿದ್ರೆ ಗೇರಿನ ಹಲ್ಲು ಮುರ್ದು ಚೂರು ಚೂರು. ಇಳಿಜಾರಲ್ಲಿ ಜಾಮ್ ಆಗಿದ್ರೆ ನನ್ನ ಕತೆ ಅಷ್ಟೇ. ಇವತ್ತು ನನ್ನ ಮಕ್ಳು ಅಪ್ಪಾ ಅಂತಿದಾವೆ ಅಂದ್ರೆ ಆ ಪುಣ್ಯಾತ್ಮನ ಕಿವಿಯಿಂದ ಕಣ್ರಿ."

ಕಿವಿ ಎಂಬ ಮಾತು ಬಿದ್ದದ್ದೇ ತಡ, ಹೊರಗೆ ಬಂದು ಗುಂಪಿನ ಅಂಚಿನಲ್ಲಿ ಕೂತಿದ್ದ ಪರಮೇಶ್ವರಪ್ಪ ಎದ್ದು ಓಣಿಯ ತುದಿಗೆ ನಡೆದ.

*

ಜಗಳ ಶುರುವಾದದ್ದು ಒಂದು ಕೆಂಪು ಕಾರಿನಿಂದ.

ವಿನೋಬನಗರದ ಹಲ್ಲಿನ ಡಾಕ್ಟರು ಸಂಧ್ಯಾ ಅವರಿಗೆ ಅಪ್ಪ ಬಿಟ್ಟುಹೋದ ವಿಲಾಯತಿ ಸ್ಪೋರ್ಟ್ಸ್ ಕಾರು ಅದು. ಅರವತ್ತೇಳನೇ ಇಸವಿಯದು, ಎರಡೇ ಸೀಟು, ನೋಡಲು ಮದುವಣಗಿತ್ತಿ. ಹಳೇ ಕಾರುಗಳ ಮೆರವಣಿಗೆಯಲ್ಲಿ ಆಗುಂಬೆ ಹತ್ತಿಸಬೇಕೆಂದು ಡಾಕ್ಟರಿಗೆ ಆಸೆ. ಆದರೆ ತಿರುವು ಬಂತೆಂದರೆ ಒಳಗಿನ ಚಕ್ರ ಹಗುರಾಗಿ, ನಿಂತಲ್ಲೇ ಗಿರ್ರೆಂದು ತಿರುಗಿ, ಗಾಡಿ ಮೇಲೆ ಏರುತ್ತಲೇ ಇರಲಿಲ್ಲ. ಮಾಮೂಲಿ ಡಿಫರೆನ್ಸಿನ ಬುದ್ಧಿಯೇ ಅಷ್ಟು. ಯಾವ ಚಕ್ರ ಜಾರುತ್ತದೋ ಅದಕ್ಕೇ ಇದ್ದ ಶಕ್ತಿಯನ್ನೆಲ್ಲ ಸುರಿಯುತ್ತದೆ. ಅದನ್ನು ತೆಗೆದು, ಜಾರುವ ಚಕ್ರಕ್ಕೆ ಲಗಾಮು ಹಾಕಿ ಹಿಡಿತವಿರುವ ಚಕ್ರಕ್ಕೂ ಪಾಲು ಕೊಡುವ ಲಿಮಿಟೆಡ್ ಸ್ಲಿಪ್ ಹಾಕಬೇಕು. ಇಂಗ್ಲೆಂಡಿನಿಂದ ತರಿಸಬೇಕು. ಅದರಲ್ಲಿ ಎರಡು ಜಾತಿ, ಒತ್ತಿ ಹಿಡಿಯುವ ಪ್ಲೇಟಿಂದು, ಹಲ್ಲಿಗೆ ಹಲ್ಲು ಕೂರುವ ಗೇರಿಂದು. ಯಾವುದು ತರಿಸಲಿ ಎಂದು ಡಾಕ್ಟರು ಕೇಳಿದರು.

"ಪ್ಲೇಟಿಂದು," ಎಂದ ಖಾಜಾ ಪೀರ್.

"ಗೇರಿಂದು," ಎಂದ ಪರಮೇಶ್ವರಪ್ಪ.

ಇಬ್ಬರೂ ಒಟ್ಟಿಗೇ ಹೇಳಿದ್ದರಿಂದ ಡಾಕ್ಟರು ನಕ್ಕು, "ನೀವಿಬ್ರೂ ಒಂದು ಮಾತಿಗೆ ಬಂದು ಆಮೇಲೆ ಹೇಳಿ," ಎಂದು ಹೊರಟುಹೋದರು. ಒಂದು ಮಾತಿಗೆ ಬರುವ ಜನವೇ ಇವರು? ಪರಮೇಶ್ವರಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವನು. ಕೆಲಸವಿದ್ದಾಗಲೇ ರಜೆಯ ದಿನ ಖಾಜಾನ ಶೆಡ್ಡಿನಲ್ಲಿ ಲೇತು ತಿರುಗಿಸುತ್ತಿದ್ದ. ರಿಟೈರ್ ಆದಮೇಲೆ ದಿನವೂ ಅಲ್ಲೇ. ಒಬ್ಬನಿಗೆ ಅಳತೆ ದೇವರು, ಇನ್ನೊಬ್ಬನಿಗೆ ಸದ್ದು. ಅಷ್ಟು ವರ್ಷ ಹೊಡೆದಾಡಿಕೊಂಡೇ ಚೆನ್ನಾಗಿದ್ದರು.

"ಒಂದು ಚಕ್ರ ಪೂರ್ತಿ ಗಾಳೀಲಿ ಇದ್ರೂ ಪ್ಲೇಟಿಂದು ಇನ್ನೊಂದನ್ನ ಎಳ್ಕೊಂಡ್ ಹೋಗುತ್ತೆ ಕಣೋ ಪರಮೇಶಿ. ನಿನ್ನ ಗೇರಿಂದು ಎಳೆಯುತ್ತಾ?"

"ಗಾಳೀಲಿ ಹಾರ್ಸೋಕೆ ಅದೇನು ರೇಸ್ ಗಾಡಿನಾ ಮಾರಾಯ? ರಸ್ತೇಲಿ ಹೋಗೋ ಹೆಣ್ಮಗಳ ಕಾರು. ಗೇರಿಂದು ಸವೆಯಲ್ಲ, ಸದ್ದಿಲ್ಲ, ಹಾಕಿ ಮರೆತುಬಿಡಬೋದು. ಪ್ಲೇಟು ಇವತ್ತಲ್ಲ ನಾಳೆ ಸವೆಯುತ್ತೆ."

"ಸವೆಯೋಕೆ ಮುಂಚೆ ಹೇಳುತ್ತೆ. ತಿರುವಲ್ಲಿ ಕಟ ಕಟ ಅನ್ನುತ್ತೆ. ಕೇಳ್ದೋನು ಬಿಚ್ಚಿ ಹೊಸ ಪ್ಲೇಟ್ ಹಾಕ್ತಾನೆ. ಮಾತಾಡೋ ಸಾಮಾನು ಒಳ್ಳೇದು."

ಬೆಳಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನದವರೆಗೂ ನಡೆಯಿತು. ಖಾಜಾ ಕಾರಿನ ಹಿಂದೆ ಕೂತು ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದ. ಪರಮೇಶ್ವರಪ್ಪನಿಗೆ ಹಸಿವು, ಸಿಟ್ಟು, ಎಲ್ಲ ಸೇರಿ ಬಾಯಿಗೆ ಬೀಗವಿಲ್ಲದಂತಾಯಿತು. ತಾನು ಯಾವ ಕಡೆ ನಿಂತಿದ್ದೇನೆ ಎಂಬುದೂ ಮರೆತು ಕಿರುಚಿದ.

"ಹೇಳುತ್ತಂತೆ, ಹೇಳುತ್ತೆ. ಕೇಳೋಕೆ ನಿಂಗೆ ಕಿವಿ ಎಲ್ಲಿದೆಯೋ? ಅದು ಸತ್ತು ಎರಡು ವರ್ಷ ಆಯ್ತು. ಕಿವುಡನ್ನ ಕಟ್ಕೊಂಡು ನಾನು ಶೆಡ್ ನಡೆಸ್ತಿದೀನಿ."

ಆಡಿ ಮುಗಿಸಿದ ಮೇಲೆ ನೋಡಿದರೆ ನಿಂತಿದ್ದು ಎಡಗಡೆ. ಖಾಜಾ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಡಿಕ್ಕಿಯ ಮೇಲಿಟ್ಟ. "ಊಟದ ಹೊತ್ತಾಯ್ತು," ಎಂದ. ನಿಧಾನಕ್ಕೆ ಎದ್ದು ಹೊರಗೆ ಹೋದ. ಮುಖದಲ್ಲಿ ಸಿಟ್ಟಿಲ್ಲ, ನೋವಿಲ್ಲ. ಕೇಳಿಸದವನ ಮುಖವೂ ಹಾಗೇ ಇರುತ್ತದೆ, ಕೇಳಿಸಿಯೂ ನುಂಗಿದವನ ಮುಖವೂ ಹಾಗೇ ಇರುತ್ತದೆ.

ಮಾರನೆಯ ದಿನ ಪರಮೇಶ್ವರಪ್ಪ ಮಂಡಿನೋವು ಎಂದು ಹೇಳಿ ಕಳಿಸಿದ. ಆಮೇಲೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

*

"ಪರಮೇಶ್ವರಪ್ಪನೋರೆ, ನಿಮ್ಮನ್ನೇ ಹುಡುಕ್ತಿದ್ದೆ," ಎಂದು ಓಣಿಯ ತುದಿಯಲ್ಲಿ ಸಂಧ್ಯಾ ಎದುರಾದರು. ಒಳಗೆ ಹೋಗಿ ಖಾಜಾನ ಹೆಂಡತಿ ರೋಶನ್ ಬೀಯವರನ್ನು ಮಾತಾಡಿಸಿ ಬಂದಿದ್ದರು, ಕಣ್ಣು ಕೆಂಪಗಿತ್ತು. "ಇಂಥ ಹೊತ್ತಲ್ಲಿ ಕಾರಿನ ಮಾತು ಬೇಡ ಅನ್ಸುತ್ತೆ. ಆದ್ರೆ ಅವರು ಹೇಳಿದ್ದನ್ನ ನಿಮಗೆ ಮುಟ್ಟಿಸ್ಬೇಕಲ್ಲ. ಗೇರಿಂದೇ ತರ್ಸಿ ಅಂದ್ರು. ಆರ್ಡರ್ ಹಾಕಿದೀನಿ."

"ಗೇರಿಂದಾ? ಖಾಜಾ ಹೇಳಿದ್ನಾ?"

"ಹೂಂ. ಹೋದ ವಾರ ಫೋನ್ ಮಾಡಿ ಹೇಳಿದ್ರು. 'ಪರಮೇಶಿ ಹೇಳಿದ್ದೇ ಸರಿ, ಅವನೇ ಕೂರಿಸ್ತಾನೆ' ಅಂದ್ರು."

ಖಾಜಾ ಸೋಲೊಪ್ಪುವ ಪೈಕಿಯಲ್ಲ. ಮಾತು ಕೇಳಿಸಿರಬೇಕು. ಕೇಳಿಸಿದ್ದಕ್ಕೇ ಕೈಚೆಲ್ಲಿರಬೇಕು. "ಫೋನಲ್ಲಿ ಅವನಿಗೆ ಕೇಳಿಸ್ತಿತ್ತಾ ಮೇಡಂ?" ಎಂದು ಪರಮೇಶ್ವರಪ್ಪ ಕೇಳಿದ.

"ಚೆನ್ನಾಗಿ ಕೇಳಿಸ್ತಿತ್ತು. ನಾನು ಕ್ಲಿನಿಕ್ಕಲ್ಲಿದ್ದೆ, ಪೇಷೆಂಟ್ ಇದ್ರು ಅಂತ ಪಿಸುಗುಟ್ಟಿದ ಹಾಗೇ ಮಾತಾಡ್ದೆ. ಒಂದು ಸಲನೂ ಏನು ಅಂತ ಕೇಳ್ಲಿಲ್ಲ."

ಡಾಕ್ಟರು ಇನ್ನೂ ಏನೋ ಹೇಳಿದರು. ಅಪ್ಪನ ಕಾರನ್ನು ಗುಜರಿಗೆ ಹಾಕಿ ಎಂದು ಮೂರು ಊರಿನ ಮೆಕ್ಯಾನಿಕ್ಕುಗಳು ಹೇಳಿದ್ದಾಗ, ಇವರಿಬ್ಬರೇ ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಎಂದರು. ನಿಮ್ಮ ಋಣ ದೊಡ್ಡದು ಎಂದರು. ಪರಮೇಶ್ವರಪ್ಪನ ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು. ಪಿಸುಗುಟ್ಟಿದ್ದೂ ಕೇಳಿಸಿದವನಿಗೆ ತಾನು ಕಿರುಚಿದ್ದು ಕೇಳಿಸದೇ ಇರುತ್ತದೆಯೇ? ಹಾಗಿದ್ದರೆ ಕೊನೆಯದಾಗಿ ತನ್ನ ಬಾಯಿಂದ ಆ ಗೆಳೆಯ ಕೇಳಿಸಿಕೊಂಡದ್ದು ಕಿವುಡ ಎಂಬ ಬೈಗುಳ.

*

ಮಧ್ಯಾಹ್ನದ ನಮಾಜಿನ ನಂತರ ಖಾಜಾನನ್ನು ಮಲಗಿಸಿದ್ದ ಜನಾಜಾ ಮಸೀದಿಯ ಅಂಗಳದಲ್ಲಿತ್ತು. ಸಾಲು ನಿಂತಾಗಿತ್ತು. ಪರಮೇಶ್ವರಪ್ಪ, ರೂಪೇಶ್ ಮತ್ತು ಬೇರೆ ಹಿಂದೂ ಗೆಳೆಯರು ಗೋಡೆಯ ಬದಿಗೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದರು. ಪ್ರಾರ್ಥನೆಗೆ ಮುಂಚೆ ಮನೆಯವರೊಬ್ಬರು ಸತ್ತವರ ಪರವಾಗಿ ಎಲ್ಲರಲ್ಲೂ ಕ್ಷಮೆ ಕೇಳುವುದುಂಟು. ಮುಸ್ತಕೀಮ್ ಮುಂದೆ ಬಂದ. ಮೊದಲು ತಮ್ಮ ಮಾತಿನಲ್ಲಿ ಹೇಳಿದ: ಕಹಾ ಸುನಾ ಮಾಫ್ ಕರೋ. ಆಮೇಲೆ ಗೋಡೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ನಮ್ಮ ಅಬ್ಬಾ ಯಾರಿಗಾದ್ರೂ ನೋವಾಗೋ ಹಾಗೆ ಮಾತಾಡಿದ್ರೆ, ಮನಸಲ್ಲಿ ಇಟ್ಕೋಬೇಡಿ. ಹೇಳಿದ್ದು, ಕೇಳಿದ್ದು, ಎಲ್ಲ ಮಾಫ್ ಮಾಡ್ಬಿಡಿ."

ಎಲ್ಲರೂ ಮಾಫ್, ಮಾಫ್ ಎಂದು ಗುನುಗಿದರು. ಪರಮೇಶ್ವರಪ್ಪನಿಗೆ ತಡೆಯಲಾಗಲಿಲ್ಲ. ಕ್ಷಮಿಸಬೇಕಾದವನು ಮಲಗಿದ್ದಾನೆ, ಕ್ಷಮಿಸು ಎಂದು ತಪ್ಪು ಮಾಡಿದವನನ್ನೇ ಬೇಡುತ್ತಿದ್ದಾರೆ. ಇದ್ಯಾವ ನ್ಯಾಯ ಎನಿಸಿತು.

"ಅವನಲ್ಲಪ್ಪ, ಆಡಿದ್ದು ನಾನು," ಎಂದ. ಅಂಗಳದ ತುಂಬ ಕೇಳಿಸಿತು. "ಕಿವುಡ ಅಂದ್ಬಿಟ್ಟೆ ಅವನಿಗೆ. ಎಡಗಿವಿ ಕಡೆ ನಿಂತ್ಕೊಂಡು. ಕೇಳಿಸ್ತೋ ಇಲ್ವೋ ಅಂತ ಕೇಳೋಕೂ ಮುಖ ಇರ್ಲಿಲ್ಲ ನಂಗೆ."

ಇಮಾಮರು ಪ್ರಾರ್ಥನೆ ತಡೆದು ಕಾದರು. ಮುಸ್ತಕೀಮ್ ಸಾಲು ದಾಟಿ ಗೋಡೆಯ ಹತ್ತಿರ ಬಂದ. ಜೇಬಿನಿಂದ ಕಡಲೆಬೀಜದಷ್ಟು ಚಿಕ್ಕ ವಸ್ತುವೊಂದನ್ನು ತೆಗೆದು ಅಂಗೈಯಲ್ಲಿ ತೋರಿಸಿದ. ಕಿವಿಯ ಮಷೀನು.

"ಕೇಳಿಸಿತ್ತು ಚಾಚಾ. ನೀವು ಕೂಗಿದ್ದು ಬಲಗಿವಿಗೇ ಕೇಳಿಸಿತ್ತು. ಅವತ್ತು ಮನೆಗೆ ಬಂದೋರೇ, 'ನಡಿ ಡಾಕ್ಟ್ರ ಹತ್ರ, ಪರಮೇಶಿ ಬಾಯಿಬಿಟ್ಟು ಹೇಳೇಬಿಟ್ಟ' ಅಂದ್ರು. ಅಮ್ಮಿ ಎರಡು ವರ್ಷ ಬಡ್ಕೊಂಡಿದ್ರು, ಹೋಗಿರ್ಲಿಲ್ಲ. ಕಿವಿ ಹೋಯ್ತು ಅಂದ್ರೆ ಗಿರಾಕಿ ಬರಲ್ಲ ಅಂತ ಹೆದ್ರಿಕೆ. ಎರಡು ದಿನಕ್ಕೆ ಇದು ಬಂತು. ಹದಿನೇಳು ದಿನ ಹಾಕ್ಕೊಂಡಿದ್ರು."

ಪರಮೇಶ್ವರಪ್ಪ ಅಂಗೈಯನ್ನೇ ನೋಡಿದ.

"ಮೊದಲನೇ ದಿನ ಮನೆ ತುಂಬ ಓಡಾಡಿದ್ರು. ನಲ್ಲಿ ತಿರುಗಿಸಿ ಕೇಳೋದು, ಒಗ್ಗರಣೆ ಚಟಪಟ ಕೇಳೋದು. ಅಮ್ಮಿ ಜೊತೆ ದಿನಾ ಕೂತು ಮಾತಾಡಿದ್ರು. ಇಷ್ಟು ದಿನ ಅಮ್ಮಿ ಕೂಗೋದು, ಇವರು ಹೂಂ ಅನ್ನೋದು, ಅಷ್ಟೇ ಆಗಿತ್ತು. ಬೆಳಗ್ಗೆ ಅಮ್ಮಿ ಅಳ್ತಾ ಹೇಳಿದ್ರು, ಪರಮೇಶಣ್ಣ ಬಂದ್ರೆ ಊಟ ಮಾಡಿಸದೆ ಕಳಿಸ್ಬೇಡ, ಈ ಹದಿನೇಳು ದಿನ ಅವರು ಕೊಟ್ಟಿದ್ದು ಅಂತ."

"ಮತ್ತೆ ನನ್ನ ಯಾಕೆ ಕರೀಲಿಲ್ಲವೋ ಅವನು?"

ಮುಸ್ತಕೀಮನಿಗೆ ನಗುವೂ ಬಂತು, ಅಳುವೂ ಬಂತು. "ನಾನೂ ಕೇಳ್ದೆ. 'ಬೇಡ ಕಣೋ, ಮಂಡಿನೋವು ಅಂತ ಸುಳ್ಳು ಹೇಳಿದಾನೆ. ಸುಳ್ಳು ಸ್ವಲ್ಪ ಹಳೇದಾಗ್ಲಿ, ತಾನೇ ಬರ್ತಾನೆ' ಅಂದ್ರು. 'ಎರಡು ವರ್ಷದಿಂದ ನನ್ನ ಬಲಗಡೆನೇ ನಿಂತ್ಕೊಂಡಿದಾನೆ. ಎಷ್ಟು ಬಿಸಿಲಿದ್ರೂ ಸುತ್ತು ಹಾಕ್ಕೊಂಡು ಬಂದು ಆ ಕಡೆನೇ ನಿಲ್ತಾನೆ. ಗೊತ್ತಿಲ್ಲ ಅನ್ಕೊಂಡಿದಾನೆ ನಂಗೆ' ಅಂದ್ರು."

ಪರಮೇಶ್ವರಪ್ಪ ಅಲ್ಲೇ ಗೋಡೆಗೆ ಒರಗಿ ಅತ್ತ. ನಾಚಿಕೆಯ ಅಳು ಹತ್ತೊಂಬತ್ತು ದಿನ ಒಳಗೇ ಅತ್ತು ಮುಗಿದಿತ್ತು. ಇದು ಬೇರೆ. ಇಂಥವನ ಪಕ್ಕ ಇಷ್ಟು ವರ್ಷ ನಿಲ್ಲಲು ಸಿಕ್ಕಿತಲ್ಲ ಎಂದು ಅತ್ತ. ರೂಪೇಶ್ ಅವನ ಬೆನ್ನ ಮೇಲೆ ಕೈಯಿಟ್ಟ. ಅಂಗಳದಲ್ಲಿ ಪ್ರಾರ್ಥನೆ ಶುರುವಾಯಿತು.

*

ಖಬರಸ್ತಾನದವರೆಗೆ ಹೆಗಲು ಬದಲಾಯಿಸುತ್ತ ಹೋದರು. ಪರಮೇಶ್ವರಪ್ಪನೂ ನಾಲ್ಕು ಸಲ ಕೊಟ್ಟ. ಮಂಡಿ ನಿಜವಾಗಿಯೂ ನೋಯುತ್ತಿತ್ತು.

ಗುಂಡಿಯೊಳಗೆ ಇಳಿದಿದ್ದ ಮುಸ್ತಕೀಮ್ ಮತ್ತು ಅವನ ಮಾವ ದೇಹವನ್ನು ಕೈಯಲ್ಲಿ ತೆಗೆದುಕೊಂಡು ಮಲಗಿಸಿದರು. ಮುಖ ಪಶ್ಚಿಮಕ್ಕೆ ಬರುವ ಹಾಗೆ ಬಲಮಗ್ಗುಲಿಗೆ ವಾಲಿಸಿ, ಬೆನ್ನಿಗೆ ಮಣ್ಣಿನ ಹೆಂಟೆ ಆನಿಸಿದರು. ಬಲಗಿವಿ ನೆಲಕ್ಕೆ ಹೋಯಿತು. ಎಡಗಿವಿ ಮೇಲೆ ಬಂತು.

ಮುಚ್ಚಲು ಹಲಗೆ ಹಿಡಿದವರು ಮುಂದೆ ಬಂದರು. ಪರಮೇಶ್ವರಪ್ಪ ಅವರ ನಡುವೆ ನುಗ್ಗಿ ಅಂಚಿನಲ್ಲಿ ಮಂಡಿ ಊರಿದ. ಸುತ್ತು ಹಾಕಿ ಬಲಗಡೆಗೆ ಹೋಗುವಂತಿರಲಿಲ್ಲ, ಹೋಗಬೇಕು ಎಂದೂ ಅನಿಸಲಿಲ್ಲ. ಎರಡೂ ಕೈ ಮಣ್ಣಿಗೆ ಕೊಟ್ಟು ಬಗ್ಗಿದ. ಕೂಗಲಿಲ್ಲ. ಶೆಡ್ಡಿನಲ್ಲಿ ಟೀ ಹೊತ್ತಿಗೆ ಮಾತಾಡುವಷ್ಟೇ ಮೆಲ್ಲಗೆ, ಆ ಎಡಗಿವಿಗೆ, ಏನೋ ಹೇಳತೊಡಗಿದ. ಅದು ಒಂದು ಮಾತಿಗೆ ಮುಗಿಯುವಂತೆ ಕಾಣಲಿಲ್ಲ. ಮುಸ್ತಕೀಮ್ ಗುಂಡಿಯೊಳಗಿಂದ ಕೈ ಎತ್ತಿ ಸನ್ನೆ ಮಾಡಿದ. ಹಲಗೆ ಹಿಡಿದವರು ಹಿಡಿದ ಹಾಗೇ ನಿಂತರು.