ಪೂರ್ಣೇಶನ ಜೀಪಿನ ಹಿತ್ತಾಳೆ ನಾಬು

ರಿಪ್ಪನ್‌ಪೇಟೆಯ ಅಜಿತಕುಮಾರನಿಗೆ ಹೊಗಳಿಕೆ ಎಂದರೆ ಪ್ರಾಣ. ಯಾರಾದರೂ ಎದುರಿಗೇ ಹೊಗಳಿದರೆ 'ಅಯ್ಯೋ, ಬಿಡಿ' ಎಂದು ತಲೆ ತಗ್ಗಿಸುತ್ತಾನೆ, ಆದರೆ ಕಿವಿ ಮಾತ್ರ ನೆಟ್ಟಗೇ ಇರುತ್ತದೆ. ಶಿವಮೊಗ್ಗದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವನು, ಅದು ಮುಚ್ಚಿದ ಮೇಲೆ ಊರಿಗೆ ಬಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಲೋಹ ಕಡೆಯುವ ಹಳೆಯ ಲೇತ್ ಮಶಿನ್ ಕೂರಿಸಿದ. ಮೊದಮೊದಲು ಪಂಪಿನ ಬುಷ್, ಟಿಲ್ಲರಿನ ಪಿನ್ನು ಎಂದು ಸಣ್ಣಪುಟ್ಟ ಕೆಲಸ. ಆಮೇಲೆ ಯಾರೋ ತಮ್ಮ ಜೀಪಿಗೆ ಹಿತ್ತಾಳೆಯ ಗೇರ್ ನಾಬು ಬೇಕೆಂದರು. ಗೇರ್ ಲಿವರಿನ ತುದಿಯಲ್ಲಿ ಅಂಗೈಗೆ ಸಿಗುವ ಗುಂಡನೆಯ ಹಿಡಿ, ಅಷ್ಟೆ. ಕಂಪನಿಯವರು ಕೊಡುವುದು ಪ್ಲಾಸ್ಟಿಕ್ಕಿನದು. ಅಜಿತಕುಮಾರ ಗಟ್ಟಿ ಹಿತ್ತಾಳೆಯ ಸರಳನ್ನು ಲೇತಿಗೆ ಕಟ್ಟಿ, ಕಡೆದು, ಉಜ್ಜಿ, ಮುಖ ಕಾಣುವಷ್ಟು ಹೊಳಪು ಬರಿಸಿ ಕೊಟ್ಟ. ಅದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ, ಸಾಗರ, ತೀರ್ಥಹಳ್ಳಿ, ಮಂಡಗದ್ದೆ ಕಡೆಯ ಜೀಪಿನವರೆಲ್ಲ ಅವನ ಶೆಡ್ಡು ಹುಡುಕಿಕೊಂಡು ಬರತೊಡಗಿದರು.

ಹಾಗೆ ಬಂದವನು ಪೂರ್ಣೇಶ. ಅದೇ ಊರಿನಲ್ಲಿ ಶಾಮಿಯಾನದ ಅಂಗಡಿ ಇಟ್ಟುಕೊಂಡವನು, ಅಜಿತಕುಮಾರನ ಸ್ನೇಹಿತ. ಅವನ ಜೀಪಿಗೆ ವಯಸ್ಸಾಗಿತ್ತು, ಅವನ ಶೋಕಿಗೆ ಆಗಿರಲಿಲ್ಲ.

"ಅಜಿತಣ್ಣ, ಊರಲ್ಲಿ ಯಾರ ಹತ್ರಾನೂ ಇರಬಾರ್ದು ಅಂಥ ಭಾರದ್ದು ಮಾಡಿಕೊಡು. ಕೈ ಇಟ್ರೆ ಗೊತ್ತಾಗ್ಬೇಕು ಮಾರಾಯ."

ಮಾಡಿಕೊಟ್ಟ. ಕೂರಿಸಲು ಹೋದಾಗ ನೋಡುತ್ತಾನೆ, ಲಿವರ್ ಲೊಡಲೊಡ ಅಲ್ಲಾಡುತ್ತಿದೆ. ಗೇರ್‌ಬಾಕ್ಸ್ ಸವೆದಿದೆ, ಒಳಗಿನ ಸ್ಪ್ರಿಂಗು ಸೋತಿದೆ. ಇಂಥ ಲಿವರಿನ ತಲೆಯ ಮೇಲೆ ಭಾರ ಕೂರಿಸಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ಅದು ತೂಗಾಡಿ, ಬಿದ್ದಿದ್ದ ಗೇರನ್ನೇ ಎಳೆದು ನ್ಯೂಟ್ರಲ್ಲಿಗೆ ತಂದು ಹಾಕುತ್ತದೆ. ಇದು ಅಜಿತಕುಮಾರನಿಗೆ ಗೊತ್ತಿಲ್ಲದ್ದೇನಲ್ಲ. ನಾಬಿನ ಒಳಗೆ ಕೊರೆದು ಟೊಳ್ಳು ಮಾಡಿ ಹಗುರ ಮಾಡಬೇಕಿತ್ತು. ಅಷ್ಟರಲ್ಲಿ ಪೂರ್ಣೇಶ ನಾಬನ್ನು ಅಂಗೈಯಲ್ಲಿ ತೂಗುತ್ತಾ ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೂಗಿ, "ನೋಡ್ರಾ, ಕೆಲಸ ಅಂದ್ರೆ ಇದು!" ಎನ್ನುತ್ತಿದ್ದ. ಆ ಹೊಗಳಿಕೆಯನ್ನು ತಡೆದು ನಿಲ್ಲಿಸುವ ಮನಸ್ಸು ಯಾರಿಗೆ ಬಂದೀತು? ಅಜಿತಕುಮಾರ ಬಾಯಿ ಮುಚ್ಚಿಕೊಂಡು ನಾಬನ್ನು ತಿರುಗಿಸಿ ಬಿಗಿ ಮಾಡಿದ.

ಆ ಜೀಪನ್ನು ಪೂರ್ಣೇಶನೊಬ್ಬನೇ ಓಡಿಸುತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಹೆಂಡತಿ ಬಿಂದು ಹೊಸನಗರದಲ್ಲಿ ಡ್ರೈವಿಂಗ್ ಕಲಿತು, ಗಂಡನ ಹಿಂದೆ ಬಿದ್ದು ಒಪ್ಪಿಸಿ, ಜೂನಿನಲ್ಲಿ ಶಾಲೆ ಶುರುವಾದಾಗಿನಿಂದ ಅಕ್ಕಪಕ್ಕದ ಮನೆಗಳ ಮಕ್ಕಳನ್ನು ಜೀಪಿನಲ್ಲಿ ಶಾಲೆಗೆ ಬಿಡುತ್ತಿದ್ದಳು. ಬೆಳಿಗ್ಗೆ ತಲೆ ಬಾಚಿ, ಪಿನ್ನು ಹಾಕಿದ ಸೀರೆಯಲ್ಲಿ ಸ್ಟೇರಿಂಗ್ ಹಿಂದೆ ಕೂತು ಹೋಗುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯಾಗಿ ಬಂದ ಮೇಲೆ ಅವಳದೇ ಎಂದು ಇದ್ದ ಕೆಲಸ ಅದೊಂದೇ.

ನಾಬು ಕೂರಿಸಿದ ಕೆಲವೇ ದಿನಕ್ಕೆ, ಸಾಗರ ರಸ್ತೆಯ ಇಳಿಜಾರಿನಲ್ಲಿ ಮಕ್ಕಳು ತುಂಬಿದ್ದ ಜೀಪಿನ ಮೂರನೇ ಗೇರ್ ಟಕ್ಕೆಂದು ಎಗರಿತು. ಇಂಜಿನ್ನಿನ ಹಿಡಿತ ತಪ್ಪಿ ಜೀಪು ತನ್ನಷ್ಟಕ್ಕೆ ಉರುಳಿತು. ಮಕ್ಕಳು ಕಿರುಚಿಕೊಂಡರು. ಬಿಂದು ಬ್ರೇಕ್ ಒತ್ತಿ ಚರಂಡಿಯ ಅಂಚಿಗೆ ತಂದು ನಿಲ್ಲಿಸಿದಳು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ವಾರ ಅದೇ ಜಾಗದಲ್ಲಿ ಮತ್ತೆ ಎಗರಿತು. ಆಮೇಲೆ ಒಬ್ಬೊಬ್ಬರೇ ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಯಾರೂ ಜಗಳವಾಡಲಿಲ್ಲ, 'ಅವರಪ್ಪನೇ ಬೈಕಲ್ಲಿ ಬಿಡ್ತಾರಂತೆ' ಎಂದು ನಯವಾಗಿ ಹೇಳಿದರು.

"ನಾನ್ ಓಡಿಸಿದ್ರೆ ಯಾವತ್ತೂ ಹಿಂಗಾಗಿಲ್ಲ," ಎಂದು ಪೂರ್ಣೇಶ ಅಂಗಡಿಗೆ ಬಂದವರಿಗೆಲ್ಲ ಸಾರಿದ. ಮೆಕ್ಯಾನಿಕ್ ಹೂವಯ್ಯನೂ, "ಕ್ಲಚ್ ಪೂರ್ತಿ ತುಳೀದೆ ಗೇರ್ ಹಾಕಿದ್ರೆ ಹಲ್ಲು ಸವೀತದೆ, ಮತ್ತೆಂತ ಆಗ್ತದೆ?" ಎಂದು ತೀರ್ಪು ಕೊಟ್ಟ. ಅಲ್ಲಿಗೆ ಬಿಂದು ಜೀಪಿನ ಬೀಗದ ಕೈ ಮುಟ್ಟುವುದನ್ನೇ ಬಿಟ್ಟಳು.

ಅಜಿತಕುಮಾರನಿಗೆ ಎಲ್ಲ ಗೊತ್ತಾಗಿತ್ತು. ಪೂರ್ಣೇಶನಿಗೆ ಗೇರ್ ಎಗರುತ್ತಿರಲಿಲ್ಲ ಏಕೆಂದರೆ ಅವನ ಎಡಗೈ ಸದಾ ಆ ಹೊಳೆಯುವ ನಾಬಿನ ಮೇಲೇ ಕೂತಿರುತ್ತಿತ್ತು. ಕಲಿಸಿದ ಹಾಗೆ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಓಡಿಸಿದವಳು ಬಿಂದು. ಸರಿಯಾಗಿ ಓಡಿಸಿದ್ದಕ್ಕೇ ತಪ್ಪು ಅವಳ ತಲೆಗೆ ಬಂದಿತ್ತು. ಹೋಗಿ ಹೇಳಬೇಕು ಎಂದು ದಿನಾ ಅಂದುಕೊಂಡ. ಆದರೆ 'ಅಜಿತಕುಮಾರನ ನಾಬು ಹಾಕಿಸಿದರೆ ಗೇರ್ ಎಗರುತ್ತದೆ' ಎಂಬ ಮಾತು ತೀರ್ಥಹಳ್ಳಿ ತನಕ ಹೋಗುವುದನ್ನು ನೆನೆದರೆ ನಾಲಿಗೆ ಹೊರಳುತ್ತಿರಲಿಲ್ಲ. ಪುಕ್ಕಲುತನ, ಬೇರೆ ಹೆಸರಿಲ್ಲ ಅದಕ್ಕೆ.

ಕೊನೆಗೆ ಒಂದು ಜಾಣತನ ಹೊಳೆಯಿತು. ಅಂಥ ಜಾಣತನ ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಹೊಳಪು ಮಾಸಿದೆ, ಪಾಲಿಶ್ ಮಾಡಿಕೊಡುತ್ತೇನೆ ಎಂದು ನಾಬು ಬಿಚ್ಚಿ ತಂದ. ಬುಡದಿಂದ ಕೊರೆದು ಹೊಟ್ಟೆಯನ್ನೆಲ್ಲ ಟೊಳ್ಳು ಮಾಡಿದ. ಹಿತ್ತಾಳೆಯ ಪುಡಿ ತಟ್ಟೆ ತುಂಬ ಬಿತ್ತು. ಹೊರಗಿನಿಂದ ಅದೇ ನಾಬು. ತೂಕ ಮಾತ್ರ ಅರ್ಧಕ್ಕರ್ಧ ಇಳಿದಿತ್ತು. ಪೂರ್ಣೇಶನ ಕೈಗೆ ಕೊಡದೆ ತಾನೇ ಹೋಗಿ ಕೂರಿಸಿ ಬಂದ. ಇನ್ನು ಗೇರ್ ಎಗರುವುದಿಲ್ಲ, ಬಿಂದು ಮತ್ತೆ ಓಡಿಸುತ್ತಾಳೆ, ಎಲ್ಲ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕಿದ್ದ.

ಗೇರ್ ಎಗರುವುದೇನೋ ನಿಂತಿತು. ಅಂಗಡಿಯ ಹುಡುಗ ಓಡಿಸಿದರೂ ಎಗರಲಿಲ್ಲ, ಹೂವಯ್ಯ ಆ ಇಳಿಜಾರಿನಲ್ಲಿ ಇಳಿಸಿ ನೋಡಿದರೂ ಎಗರಲಿಲ್ಲ. ಪೂರ್ಣೇಶ ಅಜಿತಕುಮಾರನ ಬೆನ್ನು ತಟ್ಟಿ ನಕ್ಕ.

"ನೋಡ್ದ್ಯಾ ಅಜಿತಣ್ಣ? ಅವಳು ಬಿಟ್ಟಿದ್ದೇ ಬಿಟ್ಟಿದ್ದು, ಜೀಪು ತಾನಾಗೇ ಸರಿಯಾಯ್ತು. ಇನ್ನೆಂತ ಸಾಕ್ಷಿ ಬೇಕು?"

ಇಷ್ಟು ದಿನ ಬರೀ ಮಾತಾಗಿದ್ದದ್ದಕ್ಕೆ ಸಾಕ್ಷಿಯನ್ನು ಅಜಿತಕುಮಾರ ತನ್ನ ಕೈಯಾರೆ ಕಡೆದು ಕೊಟ್ಟಿದ್ದ. ಅವತ್ತಿನಿಂದ ಅವನಿಗೆ ಲೇತಿನ ಮುಂದೆ ನಿಂತರೂ ಸಂಕಟ, ಊಟಕ್ಕೆ ಕೂತರೂ ಸಂಕಟ. ಹೆಂಡತಿ ಶ್ರದ್ಧಾ ಏನಾಯಿತೆಂದು ಕೇಳಿದರೆ ಸೆಖೆ ಎನ್ನುತ್ತಿದ್ದ, ಹೊರಗೆ ಮಳೆ ಸುರಿಯುತ್ತಿದ್ದರೂ.

ಅಜಿತಕುಮಾರನದು ಜೈನರ ಮನೆ. ಅಷ್ಟರಲ್ಲಿ ಅವರ ಹತ್ತು ದಿನದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಅವತ್ತು ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈಮುಗಿಯುತ್ತಾರೆ. ಅಜಿತಕುಮಾರನಿಗೆ ಇದೊಂದು ದಾರಿಯಾಗಿ ಕಂಡಿತು. ಯಾವ ತಪ್ಪು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರ ಜೊತೆ ಅವಳಿಗೂ ಕೈಮುಗಿದರೆ ಮನಸ್ಸಿನ ಮುಳ್ಳು ಹೋದೀತು. ಬೆಳಿಗ್ಗೆ ಬಸದಿಗೆ ಹೋಗಿ, ಅಲ್ಲಿಂದ ನೇರ ಪೂರ್ಣೇಶನ ಮನೆಗೆ ಬಂದ. ಗಂಡ ಹೆಂಡತಿ ಇಬ್ಬರೂ ಜಗುಲಿಯಲ್ಲಿದ್ದರು.

"ಪೂರ್ಣೇಶ, ಬಿಂದು, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ರೆ ಕ್ಷಮಿಸಿ."

ಪೂರ್ಣೇಶ ಹೆಗಲ ಮೇಲೆ ಕೈಹಾಕಿ ನಕ್ಕ. ಬಿಂದು ಎದ್ದು ನಿಂತು ತಾನೂ ಕೈಮುಗಿದಳು.

"ನಿಮ್ಮಿಂದೆಂತ ತಪ್ಪು ಅಜಿತಣ್ಣ? ಕ್ಷಮೆ ಕೇಳ್ಬೇಕಾದ್ದು ನಾನು. ಅಷ್ಟು ಚಂದದ ನಾಬು ಮಾಡಿಕೊಟ್ರಿ, ನಾನು ಗೇರೇ ಹಾಳು ಮಾಡಿ ಇಟ್ಟೆ. ಆ ಮಕ್ಳಿಗೆ ಏನಾರೂ ಆಗಿದ್ರೆ ನಾನು ಜೀವ ಇಟ್ಕೊಳ್ತಿರ್ಲಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಅಜಿತಕುಮಾರ ಮುಗಿದ ಕೈ ಇಳಿಸಿದ. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಅವನು ಮನುಷ್ಯನೇ ಅಲ್ಲ.

"ನೀನಲ್ಲ ಬಿಂದು," ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಅಲ್ಲಾಡುವ ಲಿವರ್, ಹೆಚ್ಚಾದ ತೂಕ, ಪೂರ್ಣೇಶನ ಎಡಗೈ, ಪಾಲಿಶಿನ ಸುಳ್ಳು, ಕೊರೆದು ತೆಗೆದ ಹಿತ್ತಾಳೆ. ಪೂರ್ಣೇಶ ನಂಬದೆ ಜೀಪಿಗೆ ಹೋಗಿ ನಾಬನ್ನು ಬಿಚ್ಚಿ ತಂದ. ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಜಗುಲಿಯ ಮೇಲಿಟ್ಟ. ಹೆಂಡತಿಯ ಮುಖ ನೋಡಲು ಅವನಿಗೂ ಆಗಲಿಲ್ಲ.

"ನಿಮಗೆ ಯಾವತ್ತಿಂದ ಗೊತ್ತಿತ್ತು?" ಬಿಂದು ಕೇಳಿದಳು.

"ಕೂರಿಸುವಾಗ್ಲೇ ಅನುಮಾನ ಇತ್ತು. ಮೊದಲ ಸಲ ಎಗರಿದಾಗ ಖಾತ್ರಿಯಾಯ್ತು."

"ಅಷ್ಟು ದಿನದಿಂದ ತಿಳಿದೂ ಸುಮ್ನಿದ್ರಾ?"

"ಸುಮ್ನಿದ್ದೆ. ಹೆಸರು ಹಾಳಾಗ್ತದೆ ಅಂತ."

"ನನ್ನ ಹೆಸರು?"

ಬಿಂದು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ನಮ್ಮಿಬ್ರಿಗೆ ಹೇಳಿದ್ರೆ ಆಗದಿಲ್ಲ ಅಜಿತಣ್ಣ. ಮಕ್ಳ ಮನೆಗಳಿಗೆ ಬಂದು ಹೇಳಿ. ಈಗ್ಲೇ ಬನ್ನಿ."

ಪೂರ್ಣೇಶ ನಾಬನ್ನು ಮತ್ತೆ ಕೂರಿಸಿ, ಹೆಂಡತಿಗೆ ಜೀಪಿನ ಬೀಗದ ಕೈ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. "ನೀವೇ ಓಡ್ಸಿ," ಎಂದು ಪಕ್ಕದ ಸೀಟಿನಲ್ಲಿ ಕೂತಳು. ಅಜಿತಕುಮಾರ ಹಿಂದೆ ಹತ್ತಿದ.

ಮೊದಲ ಮನೆ ದುರ್ಗಮ್ಮನದು. ಅವಳ ಮೊಮ್ಮಗಳು ಜೀಪಿನಲ್ಲಿ ಹೋಗುತ್ತಿದ್ದ ಮಕ್ಕಳಲ್ಲಿ ಒಬ್ಬಳು. ಅಂಗಳದಲ್ಲಿ ನಿಂತ ಮುದುಕಿಯ ಮುಂದೆ ಅಜಿತಕುಮಾರ ಹೇಳಿದ: ಗೇರ್ ಎಗರಿದ್ದು ತನ್ನ ನಾಬಿನ ಭಾರಕ್ಕೆ, ಬಿಂದುವಿನ ಓಡಿಸುವಿಕೆಯಲ್ಲಿ ತಪ್ಪಿರಲಿಲ್ಲ, ತಿಳಿದೂ ತಾನು ಬಾಯಿ ಬಿಡಲಿಲ್ಲ. ಹೇಳುವಾಗ ಅವನ ಕಿವಿ ಸುಡುತ್ತಿತ್ತು.

ದುರ್ಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಎಂಥ ಜನ ಮಾರಾಯ ನೀನು!" ಎಂದಳು. ಆಮೇಲೆ ಬಿಂದುವಿನ ಕೈ ಹಿಡಿದುಕೊಂಡಳು. "ತಪ್ಪು ತಿಳ್ಕೊಂಬಿಟ್ವಿ ಮಗಾ. ನಾಳೆಯಿಂದ್ಲೇ ಕಳಿಸ್ತೀನಿ, ಕರ್ಕೊಂಡು ಹೋಗು."

ಇದೇ ಮಾತಿಗಾಗಿ ಬಿಂದು ಎಷ್ಟು ಕಾದಿದ್ದಳೋ. ಅಜಿತಕುಮಾರ ಆಸೆಯಿಂದ ಅವಳ ಮುಖ ನೋಡಿದ. ಬಿಂದು ತಲೆ ಅಲ್ಲಾಡಿಸಿದಳು.

"ಈಗ್ಲೇ ಬ್ಯಾಡ ದುರ್ಗಮ್ಮ. ನನ್ನ ಕೈ ಸರಿಯಿಲ್ಲ ಅಂತ ನಾನೂ ನಂಬಿಬಿಟ್ಟೆ. ಸ್ಟೇರಿಂಗ್ ಹಿಡಿಯಕ್ಕೆ ಹೆದರಿಕೆ ಆಗ್ತದೆ. ಅದು ಹೋಗದೆ ಮಕ್ಳನ್ನ ಕೂರಿಸ್ಕೊಳ್ಳಲ್ಲ."

ಅಜಿತಕುಮಾರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಿಂದು ಜೀಪು ಹತ್ತಿ ಕೂತು, ಮುಂದಿನ ಮನೆಗೆ ಹೋಗಲು ಗಂಡನಿಗೆ ಹೇಳಿದಳು.